ಕುಷ್ಟಗಿಯ ದ್ರಾಕ್ಷಿಯಲ್ಲಿ ಸಿಹಿಯಿಲ್ಲದ, ಗುಳ್ಳೆಯೇಳುವ ಸಾವಯವ ವೈನ್ ಮಾಡಬಹುದಾ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕು. ಅಪ್ಪ, ಚಿಕ್ಕಪ್ಪ, ನಾನು ಸೇರಿ 5 ಎಕರೆ ದ್ರಾಕ್ಷಿ ತೋಟ ನೋಡಿಕೊಳ್ಳುತ್ತೇವೆ. ಎಲ್ಲವೂ ಥಾಮ್ಸನ್ ಸೀಡ್‌ಲೆಸ್. 2 ವರ್ಷದಿಂದ ರಾಸಾಯನಿಕ ಗೊಬ್ಬರ, ಔಷಧಿ ಬಿಟ್ಟಿದ್ದೇವೆ. ಬೆಂಗಳೂರಿನಲ್ಲಿರುವ ತಂಗಿ ಈ ಸಲ ಇಟಲಿಯ ಒಂದು ಬಾಟಲಿ ತಂದಿದ್ದಳು. ಒಂದೇ ಕುಟುಂಬದವರ ತೋಟದ್ದು, ಸಾವಯವ ಡ್ರೈ ಸ್ಪಾರ್ಕ್ಲಿಂಗ್ ವೈನ್ ಅಂದಳು. ಲೇಬಲ್ ಮೇಲೆ ‘ಬ್ರೂಟ್’ ಎಂದು ಬರೆದಿತ್ತು. ಅಪ್ಪ ಒಂದು ಗುಟುಕು ಕುಡಿದು ‘ಇದು ಹುಳಿ ಹಿಡದೈತಿ’ ಅಂತ ಲೋಟ ಇಟ್ಟುಬಿಟ್ಟರು. ಡ್ರೈ ಅಂದರೆ ಏನು? ಗ್ಯಾಸ್ ಅನ್ನು ಸೋಡಾದ ಹಾಗೆ ತುಂಬುತ್ತಾರಾ? ನಮ್ಮ ಹಣ್ಣಿನಲ್ಲಿ ಇಂಥದ್ದು ಮಾಡಬಹುದಾ?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಅವರ ನಾಲಿಗೆ ತಪ್ಪು ಮಾಡಿಲ್ಲ. ಆ ವೈನಿನಲ್ಲಿ ಮೊದಲು ಗೊತ್ತಾಗಬೇಕಾದದ್ದೇ ಹುಳಿ. ಆದರೆ ಅದು ಹುಳಿ ಹಿಡಿದದ್ದಲ್ಲ, ಉಳಿಸಿಕೊಂಡ ಹುಳಿ. ಕೆಟ್ಟ ವೈನಿನ ಹುಳಿ ವಿನೆಗರ್ ತರಹ ಮೂಗಿಗೆ ಚುಚ್ಚುತ್ತದೆ. ಒಳ್ಳೆಯ ವೈನಿನ ಹುಳಿ ಮೂಗಿಗೆ ಬರುವುದಿಲ್ಲ, ದವಡೆಯ ಪಕ್ಕದಲ್ಲಿ ನೀರೂರಿಸುತ್ತದೆ. ಈ ವ್ಯತ್ಯಾಸ ಒಮ್ಮೆ ಹಿಡಿದುಕೊಂಡರೆ ನಿಮ್ಮ ಮೂರೂ ಪ್ರಶ್ನೆಗೆ ದಾರಿ ಸಿಗುತ್ತದೆ.

ಡ್ರೈ ಅಂದರೆ ಒಣಗಿದ್ದು ಅಂತ ಅಲ್ಲ. ಸಿಹಿ ಇಲ್ಲ ಅಂತ ಅರ್ಥ, ಅಷ್ಟೇ. ದ್ರಾಕ್ಷಿರಸದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ. ಪೂರ್ತಿ ತಿಂದು ಮುಗಿಸಿದರೆ ಅದು ಡ್ರೈ. ಯುರೋಪಿನ ನಿಯಮದಲ್ಲಿ ‘ಬ್ರೂಟ್’ ಎಂದು ಬರೆಯಬೇಕಾದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ ಇರಬೇಕು. ‘ಎಕ್ಸ್‌ಟ್ರಾ ಬ್ರೂಟ್’ ಅಂದರೆ 6 ಗ್ರಾಂವರೆಗೆ. ‘ಬ್ರೂಟ್ ನೇಚರ್’ ಅಂದರೆ 3 ಗ್ರಾಂಗಿಂತ ಕಡಿಮೆ, ಮೇಲಿಂದ ಸಕ್ಕರೆ ಸೇರಿಸುವ ಹಾಗೇ ಇಲ್ಲ. ಅಂಗಡಿಯಲ್ಲಿ ಬಹಳ ಜನ ಮೋಸ ಹೋಗುವುದು ಇನ್ನೊಂದು ಪದದಲ್ಲಿ. ‘ಎಕ್ಸ್‌ಟ್ರಾ ಡ್ರೈ’ ಎಂದು ಓದಿದರೆ ಸಿಹಿ ಇನ್ನೂ ಕಡಿಮೆ ಅನ್ನಿಸುತ್ತದೆ ಅಲ್ವಾ? ಅದರಲ್ಲಿ 12ರಿಂದ 17 ಗ್ರಾಂ ಇರುತ್ತದೆ, ಬ್ರೂಟ್‌ಗಿಂತ ಜಾಸ್ತಿ. ಬರೀ ‘ಡ್ರೈ’ ಎಂದು ಬರೆದ ಸ್ಪಾರ್ಕ್ಲಿಂಗ್ ವೈನಿನಲ್ಲಿ 17ರಿಂದ 32 ಗ್ರಾಂ, ಬಾಯಿಗೆ ಚೆನ್ನಾಗಿಯೇ ಸಿಹಿ ಗೊತ್ತಾಗುತ್ತದೆ. ಮುಂದೆ ತಂಗಿ ತರುವಾಗ ಬ್ರೂಟ್ ಎಂಬ ಪದ ನೋಡಿ ತರಲಿ.

ಇನ್ನು ಗ್ಯಾಸಿನ ವಿಷಯ. ಸೋಡಾದ ಹಾಗೆ ಗ್ಯಾಸ್ ತುಂಬಿದ ಅಗ್ಗದ ವೈನ್‌ಗಳೂ ಇವೆ. ಒಳ್ಳೆಯದರಲ್ಲಿ ಗ್ಯಾಸ್ ಹೊರಗಿನಿಂದ ಬರುವುದಿಲ್ಲ. ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಿಗ್ಗೆ ಉಬ್ಬಿ ತುಂಬ ಗುಳ್ಳೆ ಗುಳ್ಳೆ ಆಗಿರುತ್ತದಲ್ಲ, ಆ ಗುಳ್ಳೆಯೊಳಗಿನ ಗಾಳಿಯೇ ಇದು, ಇಂಗಾಲದ ಡೈಆಕ್ಸೈಡ್. ಹಿಟ್ಟಿನ ಪಾತ್ರೆಯಿಂದ ಅದು ಹೊರಗೆ ಹೋಗುತ್ತದೆ. ವೈನಿನಲ್ಲಿ ಅದನ್ನು ಹೋಗಲು ಬಿಡುವುದಿಲ್ಲ.

ಕೆಲಸ ಹೀಗೆ ನಡೆಯುತ್ತದೆ. ಮೊದಲು ಗುಳ್ಳೆಯಿಲ್ಲದ, ಸಿಹಿಯಿಲ್ಲದ, ತೆಳುವಾದ ಹುಳಿ ವೈನ್ ಮಾಡುತ್ತಾರೆ. ಇದಕ್ಕೆ ಬೇಸ್ ವೈನ್ ಎನ್ನುತ್ತಾರೆ. ಅದಕ್ಕೆ ಲೀಟರಿಗೆ ಸುಮಾರು 24 ಗ್ರಾಂ ಸಕ್ಕರೆ, ಹೊಸ ಯೀಸ್ಟ್ ಸೇರಿಸಿ ದಪ್ಪ ಬಾಟಲಿಗೆ ತುಂಬಿ ಮುಚ್ಚಳ ಬಡಿಯುತ್ತಾರೆ. ತಂಪಾದ ಕತ್ತಲೆ ಕೋಣೆಯಲ್ಲಿ ಅದು ಎರಡನೇ ಸಲ ಹುದುಗುತ್ತದೆ. ಪ್ರತಿ 4 ಗ್ರಾಂ ಸಕ್ಕರೆಗೆ ಹೆಚ್ಚುಕಡಿಮೆ ಒಂದು ವಾಯುಭಾರದಷ್ಟು ಒತ್ತಡ ಹುಟ್ಟುತ್ತದೆ. 24 ಗ್ರಾಂಗೆ 6. ಪಂಕ್ಚರ್ ಅಂಗಡಿಯ ಲೆಕ್ಕದಲ್ಲಿ ಹೇಳುವುದಾದರೆ ಕಾರಿನ ಚಕ್ರಕ್ಕೆ ಮೀಟರ್ ನೋಡಿ 32ರ ಆಸುಪಾಸು ಗಾಳಿ ಹಾಕಿಸುತ್ತೀರಿ. ಈ ಬಾಟಲಿಯೊಳಗೆ ಅದೇ ಮೀಟರಿನಲ್ಲಿ 85 ದಾಟಿರುತ್ತದೆ. ಅದಕ್ಕೇ ಖಾಲಿ ಬಾಟಲಿಯೇ ಮುಕ್ಕಾಲು ಕೆ.ಜಿ.ಗಿಂತ ಜಾಸ್ತಿ ತೂಗುತ್ತದೆ, ತಳ ಒಳಗೆ ಕುಳಿ ಬಿದ್ದಿರುತ್ತದೆ, ಬಿರಡೆಗೆ ತಂತಿ ಕಟ್ಟಿರುತ್ತಾರೆ.

ಇಲ್ಲಿ ಒಂದು ಮಾತು ಬಹಳ ಗಟ್ಟಿಯಾಗಿ ಹೇಳಬೇಕು. ನಾನು ಈ ಕೆಲಸ ಕಲಿಯುತ್ತಿದ್ದಾಗ ದಪ್ಪ ಬಾಟಲಿ ಸಾಲದೆ ಬಂತು ಎಂದು ಹನ್ನೆರಡು ಸಾಮಾನ್ಯ ವೈನ್ ಬಾಟಲಿಗಳಿಗೂ ಸಕ್ಕರೆ, ಯೀಸ್ಟ್ ಹಾಕಿ ತುಂಬಿಟ್ಟೆವು. ಮೂರನೇ ವಾರ ನಡುರಾತ್ರಿ ಒಂದು ಸಿಡಿಯಿತು. ಅದರ ಏಟಿಗೆ ಪಕ್ಕದ್ದು, ಅದರ ಏಟಿಗೆ ಇನ್ನೊಂದು. ಬೆಳಿಗ್ಗೆ ನೋಡಿದರೆ ಗಾಜಿನ ಚೂರು ಎದುರು ಗೋಡೆಗೆ ಒರಗಿಸಿದ್ದ ಗೋಣಿಚೀಲದಲ್ಲಿ ಮೊಳೆ ಹೊಡೆದ ಹಾಗೆ ನಾಟಿತ್ತು. ಆ ಕೋಣೆಯಲ್ಲಿ ಆಗ ಯಾರೂ ಇರಲಿಲ್ಲ ಎನ್ನುವುದು ಇವತ್ತಿಗೂ ನನಗೆ ನಡುಕ ತರುವ ವಿಷಯ. ದಯವಿಟ್ಟು ಮನೆಯಲ್ಲಿ ಸುಮ್ನೆ ಒಂದು ಸಲ ನೋಡೋಣ ಅಂತ ಇದನ್ನು ಮಾಡಬೇಡಿ. ಮನೆಯಲ್ಲಿ ಮಕ್ಕಳಿದ್ದಾರೆ.

ಹುದುಗು ಮುಗಿದ ಮೇಲೆ ಸತ್ತ ಯೀಸ್ಟ್ ಗಸಿಯಾಗಿ ಬಾಟಲಿಯ ಪಕ್ಕಕ್ಕೆ ಕೂರುತ್ತದೆ. ಅದನ್ನು ಕೂಡಲೇ ತೆಗೆಯುವುದಿಲ್ಲ. ಆ ಗಸಿಯ ಮೇಲೆ ವೈನ್ ತಿಂಗಳುಗಟ್ಟಲೆ ಮಲಗಿರಬೇಕು. ಸ್ಪೇನಿನ ಕಾವಾ ವೈನಿಗೆ ಕನಿಷ್ಠ 9 ತಿಂಗಳು, ಫ್ರಾನ್ಸಿನ ಶಾಂಪೇನ್‌ಗೆ ಗಸಿಯ ಮೇಲೆ 12, ಬಾಟಲಿಯಲ್ಲಿ ಒಟ್ಟು 15 ತಿಂಗಳು ಎಂದು ನಿಯಮವೇ ಇದೆ. ಬೇಕರಿಯ ಬಾಗಿಲಲ್ಲಿ ಬರುವ ಬಿಸಿ ಬನ್ನಿನ ವಾಸನೆ ಇಂಥ ವೈನಿನಲ್ಲಿ ಬರುವುದು ಈ ಗಸಿಯಿಂದಲೇ. ಆಮೇಲೆ ಬಾಟಲಿಯನ್ನು ದಿನಾ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ತಲೆಕೆಳಗೆ ಮಾಡುತ್ತಾರೆ. ಗಸಿ ಎಲ್ಲಾ ಕುತ್ತಿಗೆಗೆ ಇಳಿಯುತ್ತದೆ. ಕುತ್ತಿಗೆಯನ್ನು ಮಾತ್ರ ತಣ್ಣನೆಯ ದ್ರಾವಣದಲ್ಲಿ ಅದ್ದಿ ಹೆಪ್ಪುಗಟ್ಟಿಸಿ ಮುಚ್ಚಳ ತೆಗೆದರೆ ಗಸಿಯ ಮಂಜುಗಡ್ಡೆ ತಾನೇ ಹೊರಗೆ ಹಾರುತ್ತದೆ. ಕಡಿಮೆಯಾದಷ್ಟು ವೈನ್ ತುಂಬಿ, ಬೇಕಿದ್ದರೆ ಚೂರು ಸಕ್ಕರೆ ಸೇರಿಸಿ, ಬಿರಡೆ ಹಾಕುತ್ತಾರೆ. ಬ್ರೂಟಾ, ಡ್ರೈಯಾ ಎಂದು ತೀರ್ಮಾನ ಆಗುವುದು ಆ ಕೊನೆಯ ಚೂರಿನಲ್ಲಿ.

ಇನ್ನೊಂದು ದಾರಿ ಟ್ಯಾಂಕಿನದು. ಎರಡನೇ ಹುದುಗನ್ನು ಬಾಟಲಿ ಬದಲು ಒತ್ತಡ ತಡೆಯುವ ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ಮಾಡುತ್ತಾರೆ. ಇಟಲಿಯ ಮಾರ್ಟಿನೋಟ್ಟಿ 1895ರಲ್ಲಿ ಇದನ್ನು ಶುರು ಮಾಡಿದರು, ಫ್ರಾನ್ಸಿನ ಶಾರ್ಮಾ 1907ರಲ್ಲಿ ಸುಧಾರಿಸಿದರು. ಇಟಲಿಯ ಪ್ರೊಸೆಕ್ಕೊ ವೈನ್ ಹೆಚ್ಚಾಗಿ ಹೀಗೆ ಆಗುತ್ತದೆ. ಬೇಗ ಆಗುತ್ತದೆ, ಹಣ್ಣಿನ ತಾಜಾ ವಾಸನೆ ಉಳಿಯುತ್ತದೆ. ಆದರೆ ಟ್ಯಾಂಕಿಗೆ ದುಡ್ಡು ಜಾಸ್ತಿ ಬೇಕು.

ಈಗ ನಿಮ್ಮ ತೋಟಕ್ಕೆ ಬರೋಣ. ನನಗೆ ಹೇಳಬೇಕು ಅನ್ನಿಸುವ ಮುಖ್ಯ ಮಾತು ಇಲ್ಲಿದೆ.

ನೀವು ಇಷ್ಟು ವರ್ಷ ದ್ರಾಕ್ಷಿಯನ್ನು ಸಿಹಿಯಿಂದ ಅಳೆದಿದ್ದೀರಿ. ವ್ಯಾಪಾರಿ ಬಂದಾಗ ರಸದ ಸಕ್ಕರೆ ಅಳೆಯುವ ಬ್ರಿಕ್ಸ್ ಮೀಟರ್ ಹಿಡಿಯುತ್ತಾನೆ, 18 ಇದ್ದರೆ ಮುಖ ತಿರುಗಿಸುತ್ತಾನೆ. ಒಣದ್ರಾಕ್ಷಿಗಾದರೆ 22 ದಾಟಲಿ ಎಂದು ಕಾಯುತ್ತೀರಿ. ಈ ವೈನಿಗೆ ಲೆಕ್ಕವೇ ಉಲ್ಟಾ. ಇಲ್ಲಿ ಬೇಕಾದದ್ದು ಆ 18, ಹೆಚ್ಚೆಂದರೆ 19. ಕಾರಣ ಸರಳ. ಲೀಟರ್ ರಸದಲ್ಲಿ 17 ಗ್ರಾಂ ಸಕ್ಕರೆ ಇದ್ದರೆ ಸುಮಾರು ಶೇ 1 ಆಲ್ಕೋಹಾಲ್ ಆಗುತ್ತದೆ. 18–19 ಬ್ರಿಕ್ಸ್ ರಸದಿಂದ ಶೇ 10–11ರ ಬೇಸ್ ವೈನ್ ಬರುತ್ತದೆ. ಎರಡನೇ ಹುದುಗು ಅದಕ್ಕೆ ಇನ್ನೂ ಒಂದೂಕಾಲು, ಒಂದೂವರೆ ಸೇರಿಸುತ್ತದೆ. ಒಟ್ಟು 12ರ ಹತ್ತಿರ ನಿಂತರೆ ಹಗುರ, ಚೆಂದ. 24 ಬ್ರಿಕ್ಸ್‌ನಲ್ಲಿ ಕೊಯ್ದರೆ ಬೇಸ್ ವೈನೇ 14 ಮುಟ್ಟುತ್ತದೆ. ಅಷ್ಟು ಆಲ್ಕೋಹಾಲಿನಲ್ಲಿ ಎರಡನೇ ಸಲ ಹಾಕಿದ ಯೀಸ್ಟ್ ಸರಿಯಾಗಿ ಕೆಲಸ ಮಾಡುವುದಿಲ್ಲ.

ಅದಕ್ಕಿಂತ ದೊಡ್ಡ ವಿಷಯ ಹುಳಿ. ದ್ರಾಕ್ಷಿಯಲ್ಲಿ ಎರಡು ಮುಖ್ಯ ಹುಳಿಗಳಿವೆ. ಒಂದು ಮ್ಯಾಲಿಕ್ ಆಮ್ಲ, ಹಸಿರು ಸೇಬಿನಲ್ಲಿ ಇರುವಂಥದ್ದು. ಇನ್ನೊಂದು ಟಾರ್ಟಾರಿಕ್ ಆಮ್ಲ. ಅದು ನಿಮ್ಮ ಮನೆಯ ಹುಣಸೆಹಣ್ಣಿನಲ್ಲಿರುವ ಹುಳಿಯೇ. ಟಾರ್ಟಾರಿಕ್ ಬಿಸಿಲಿಗೆ ಅಷ್ಟು ಬೇಗ ಬಗ್ಗುವುದಿಲ್ಲ. ಮ್ಯಾಲಿಕ್ ಹಾಗಲ್ಲ. ರಾತ್ರಿ ಸೆಕೆ ಇದ್ದಷ್ಟೂ ಹಣ್ಣು ಉಸಿರಾಡುತ್ತಾ ಅದನ್ನು ಸುಟ್ಟುಕೊಳ್ಳುತ್ತದೆ. ನಮ್ಮ ಕಡೆ ಜನವರಿಯಲ್ಲಿ ರಾತ್ರಿ ಕಂಬಳಿ ಬೇಕು, ಶಿವರಾತ್ರಿ ಆದ ಮೇಲೆ ಅಂಗಳದಲ್ಲಿ ಮಲಗಬೇಕು. ಆ ಎರಡರ ನಡುವಿನ ಕೆಲವೇ ವಾರಗಳಲ್ಲಿ ನಿಮ್ಮ ಹುಳಿ ಕೈತಪ್ಪಿ ಹೋಗುತ್ತದೆ. ಹಾಗಾಗಿ ಕೊಪ್ಪಳದಂಥ ಸೀಮೆಯಲ್ಲಿ ಈ ವೈನಿನ ಭವಿಷ್ಯ ಕೊಯ್ಲಿನ ತಾರೀಖಿನಲ್ಲಿದೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ತಡ ಮಾಡದೆ ಮುಗಿಸಿ ಜನವರಿ ಕೊನೆ, ಫೆಬ್ರವರಿ ಮೊದಲಿಗೆ ಹಣ್ಣು ಬರುವಂತೆ ನೋಡಿಕೊಳ್ಳಬೇಕು. ಕೊಯ್ಲು ನಸುಕಿನಲ್ಲಿ ನಡೆಯಬೇಕು, ಬಿಸಿಲೇರುವ ಮೊದಲು ಮುಗಿಯಬೇಕು. ಟ್ರ್ಯಾಕ್ಟರ್ ಟ್ರೇಲರಿನಲ್ಲಿ ರಾಶಿ ಹಾಕಿದರೆ ಕೆಳಗಿನ ಗೊನೆ ಒಡೆದು ದಾರಿಯಲ್ಲೇ ಹುದುಗು ಶುರುವಾಗುತ್ತದೆ. ಸಣ್ಣ ಕ್ರೇಟುಗಳಲ್ಲೇ ಹೋಗಬೇಕು. ಹುಳಿ ಕಡಿಮೆ ಬಿದ್ದರೆ ವೈನರಿಯಲ್ಲಿ ಟಾರ್ಟಾರಿಕ್ ಆಮ್ಲ ಸೇರಿಸಬಹುದು, ಯುರೋಪಿನ ಸಾವಯವ ನಿಯಮವೂ ಅದನ್ನು ಒಪ್ಪುತ್ತದೆ. ಆದರೆ ಬಳ್ಳಿಯ ಮೇಲೆ ಉಳಿದ ಹುಳಿ ಬೇರೆ, ಪಾಕೀಟಿನಿಂದ ಹಾಕಿದ ಹುಳಿ ಬೇರೆ. ನಾಲಿಗೆಗೆ ಗೊತ್ತಾಗುತ್ತದೆ.

ಥಾಮ್ಸನ್ ಸೀಡ್‌ಲೆಸ್ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬೇಗ ಕೊಯ್ದರೆ ಅದರಿಂದ ವೈನ್ ಆಗುತ್ತದೆ, ಆದರೆ ನೀರಸ. ವಾಸನೆ ಕಡಿಮೆ, ಹುಳಿಗೆ ಬೆನ್ನೆಲುಬಿಲ್ಲ. ಅದನ್ನು ಒಣದ್ರಾಕ್ಷಿಗೇ ಬಿಡಿ. ವೈನಿಗೆ ಒಂದು ಎಕರೆಯಲ್ಲಿ ಶೆನಿನ್ ಬ್ಲಾಂಕ್ ಹಚ್ಚಿ ನೋಡಿ. ಬಿಸಿ ಸೀಮೆಯಲ್ಲೂ ಹುಳಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳುವ ತಳಿ ಅದು. ನಾಸಿಕ್ ಕಡೆ 2013ರಲ್ಲಿ ಸ್ಪಾರ್ಕ್ಲಿಂಗ್ ವೈನ್ ಮಾರುಕಟ್ಟೆಗೆ ತಂದ ಶಾಂಡನ್ ಕಂಪನಿ ಕೂಡ ಶೆನಿನ್ ಬ್ಲಾಂಕ್ ಬಳಸಿತು. ಡಾಗ್‌ರಿಡ್ಜ್ ಅಥವಾ 110 ಆರ್ ಬೇರುಕಾಂಡದ ಮೇಲೆ ಕಸಿ ಕಟ್ಟಿದ ಬಳ್ಳಿಯೇ ಬೇಕು. ನಿಮ್ಮ ಬೋರ್‌ವೆಲ್ ನೀರು ಎಷ್ಟು ಉಪ್ಪು ಎಂದು ಪರೀಕ್ಷೆ ಮಾಡಿಸಿಯೇ ಬೇರುಕಾಂಡ ಆರಿಸಿ. ಮಸಾರಿ ನೆಲ ಇದ್ದರೆ ಅಲ್ಲೇ ಹಚ್ಚಿ, ಎರೆ ಹೊಲ ಬೇಡ. ನಮ್ಮ ಜಿಲ್ಲೆಯಲ್ಲಿ ವೈನ್ ದ್ರಾಕ್ಷಿ ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹಂಪಿ ಬೆಟ್ಟಗಳ ಸೀಮೆಯಲ್ಲಿ ಕೃಷ್ಮಾ ಎಸ್ಟೇಟ್ಸ್‌ನ ದಂಪತಿ ಕ್ಯಾಬರ್ನೆ ಸೋವಿನ್ಯೋನ್, ಸಾಂಜೊವೇಸೆಯಂಥ ತಳಿ ಬೆಳೆದು ಒಳ್ಳೆಯ ವೈನ್ ಮಾಡಿ ತೋರಿಸಿದ್ದಾರೆ.

ಲೆಕ್ಕವನ್ನೂ ನೋಡಿ. ಶಾಂಪೇನಿನಲ್ಲಿ 4,000 ಕೆ.ಜಿ. ಹಣ್ಣಿನಿಂದ 2,550 ಲೀಟರಿಗಿಂತ ಜಾಸ್ತಿ ರಸ ಹಿಂಡುವ ಹಾಗಿಲ್ಲ. ಜೋರಾಗಿ ಹಿಂಡಿದರೆ ಸಿಪ್ಪೆಯ ಒಗರು ಇಳಿಯುತ್ತದೆ, ಹುಳಿ ಸತ್ತುಹೋಗುತ್ತದೆ. ಇದೇ ಅಳತೆ ಇಟ್ಟುಕೊಂಡು ಎಕರೆಗೆ 4 ಟನ್ ಬೆಳೆದರೆ ಸುಮಾರು 3,400 ಬಾಟಲಿ. 10 ಟನ್ ತೆಗೆಯುವ ಆಸೆಯನ್ನು ಆ ಒಂದು ಎಕರೆ ಮಟ್ಟಿಗೆ ಬಿಡಬೇಕಾಗುತ್ತದೆ. ನಿಮ್ಮ ತಂದೆಯವರಿಗೆ ಇದನ್ನು ಒಪ್ಪಿಸುವುದೇ ಕಷ್ಟದ ಕೆಲಸ ಅಂತ ನನಗೆ ಗೊತ್ತು.

ಸಾವಯವ ಎಂಬ ಪದಕ್ಕೆ ಬರೋಣ. ರಾಸಾಯನಿಕ ಬಿಟ್ಟಿದ್ದು ದೊಡ್ಡ ಕೆಲಸ, ಅದಕ್ಕೆ ನಿಮ್ಮ ಮೂವರಿಗೂ ನಮಸ್ಕಾರ. ಆದರೆ ಕಾಗದದ ಮೇಲೆ ಗಡಿಯಾರ ಶುರುವಾಗುವುದು ಸಾಮಾನ್ಯವಾಗಿ ಪ್ರಮಾಣನ ಸಂಸ್ಥೆಯಲ್ಲಿ ನೋಂದಣಿ ಆದ ಮೇಲೆ. ಬಹುವಾರ್ಷಿಕ ಬೆಳೆಗೆ 3 ವರ್ಷದ ಪರಿವರ್ತನೆ ಅವಧಿ ಇದೆ. ಕರ್ನಾಟಕ ರಾಜ್ಯ ಬೀಜ ಮತ್ತು ಸಾವಯವ ಪ್ರಮಾಣನ ಸಂಸ್ಥೆಯನ್ನು ಈ ತಿಂಗಳೇ ಕೇಳಿ. ಹಿಂದಿನ 2 ವರ್ಷದ ಖರೀದಿ ಚೀಟಿ, ಸಿಂಪಡಣೆಯ ಬರವಣಿಗೆ ಇದ್ದರೆ ಜೋಪಾನವಾಗಿಡಿ.

ಒಂದು ಪ್ರಶ್ನೆ ನಿಮಗೆ ನೀವೇ ಕೇಳಿಕೊಳ್ಳಿ. ಅಕ್ಟೋಬರ್ ಚಾಟ್ನಿ ಆದ ಮೇಲೆ ಕಣ್ಣು ಒಡೆಯಲಿ ಎಂದು ಹೈಡ್ರೋಜನ್ ಸೈನಮೈಡ್ ಹಚ್ಚುತ್ತಿದ್ದೀರಾ? ಬಹಳ ಜನ ಅದನ್ನು ಔಷಧಿ ಎಂದೇ ಲೆಕ್ಕ ಹಾಕುವುದಿಲ್ಲ. ಸಾವಯವದಲ್ಲಿ ಅದಕ್ಕೆ ಜಾಗ ಇಲ್ಲ. ಗೊನೆಯನ್ನು ಜಿ.ಎ. (ಮಣಿ ದಪ್ಪ ಮಾಡುವ ಜಿಬ್ಬರೆಲಿಕ್ ಆಮ್ಲ) ದ್ರಾವಣದಲ್ಲಿ ಅದ್ದುವುದೂ ವೈನ್ ದ್ರಾಕ್ಷಿಗೆ ಬೇಡವೇ ಬೇಡ. ಇಲ್ಲಿ ಮಣಿ ದಪ್ಪ ಆಗಬಾರದು, ಚಿಕ್ಕದಾದಷ್ಟೂ ರುಚಿ ಗಟ್ಟಿ.

ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಸಾವಯವದಲ್ಲಿ ನಡೆಯುತ್ತದೆ, ಆದರೆ ಮಿತಿ ಇದೆ. ಯುರೋಪಿನಲ್ಲಿ ಹೆಕ್ಟೇರಿಗೆ 7 ವರ್ಷದಲ್ಲಿ 28 ಕೆ.ಜಿ. ತಾಮ್ರ, ಅಂದರೆ ಸರಾಸರಿ ವರ್ಷಕ್ಕೆ 4 ಕೆ.ಜಿ. ಶೇ 1ರ ದ್ರಾವಣಕ್ಕೆ 100 ಲೀಟರಿಗೆ 1 ಕೆ.ಜಿ. ಮೈಲುತುತ್ತ ಹಾಕುತ್ತೀರಿ, ಅದರಲ್ಲಿ ಕಾಲು ಭಾಗ ತಾಮ್ರ. ಎಕರೆಗೆ 400 ಲೀಟರ್ ಹೊಡೆದರೆ 1 ಕೆ.ಜಿ. ತಾಮ್ರ ನೆಲಕ್ಕೆ, ಹೆಕ್ಟೇರಿಗೆ ಎರಡೂವರೆ. ಎರಡು ಸಲ ಹೊಡೆದರೆ ವರ್ಷದ ಪಾಲು ಮುಗಿದು ಮೇಲೆ ಹೋಯಿತು! ಅದಕ್ಕೇ ಅರ್ಧ ಶೇಕಡಾ ದ್ರಾವಣ, ಮಳೆ ಬರುವ ಮುನ್ನ ಮಾತ್ರ. ನಮ್ಮ ಒಣ ಹವೆ ಇಲ್ಲಿ ನಿಮ್ಮ ದೊಡ್ಡ ಆಸ್ತಿ. ಎಲೆ ಒದ್ದೆಯಾಗಿದ್ದರೆ ತಾನೇ ಡೌನಿ ಎಂಬ ಬೂಜು ರೋಗ ಬರುವುದು? ಚಾಟ್ನಿ ಆದ ಮೇಲಿನ ಹಿಂಗಾರು ಮಳೆಯ ವಾರಗಳನ್ನು ದಾಟಿಸಿದರೆ ಮುಂದಿನದು ಬೂದಿ ರೋಗ, ಅದಕ್ಕೆ ಗಂಧಕ ಸಾಕು.

ತಂಗಿ ತಂದ ಬಾಟಲಿಯ ಹಿಂದೆ ಹಸಿರು ಪಟ್ಟಿಯಲ್ಲಿ ನಕ್ಷತ್ರಗಳಿಂದ ಮಾಡಿದ ಎಲೆ ಇದೆಯಾ ನೋಡಿ. ಅದು ಯುರೋಪಿನ ಸಾವಯವ ಗುರುತು. 2012ರ ಮೊದಲು ಅಲ್ಲಿ ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಎಂದಷ್ಟೇ ಬರೆಯಬಹುದಿತ್ತು. ವೈನರಿಯೊಳಗಿನ ಕೆಲಸಕ್ಕೂ ನಿಯಮ ಬಂದ ಮೇಲೆ ‘ಸಾವಯವ ವೈನ್’ ಎನ್ನಲು ಅವಕಾಶವಾಯಿತು. ವೈನ್ ಕೆಡದಂತೆ ಹಾಕುವ ಸಲ್ಫೈಟ್ ಪೂರ್ತಿ ನಿಷೇಧವಿಲ್ಲ, ಮಿತಿ ಕಡಿಮೆ. ಸಿಹಿಯಿಲ್ಲದ ಬಿಳಿ ವೈನಿಗೆ ಮಾಮೂಲಿ ಮಿತಿ ಲೀಟರಿಗೆ 200 ಮಿ.ಗ್ರಾಂ, ಸಾವಯವಕ್ಕೆ 150. ನಮ್ಮಲ್ಲಾದರೆ ಸಾವಯವದ ಅಧಿಕೃತ ಗುರುತು ನೋಡಬೇಕು. ಸಾವಯವ ಅಂದಮಾತ್ರಕ್ಕೆ ಒಳಗಿನ ಶೇ 12 ಆಲ್ಕೋಹಾಲ್ ಆರೋಗ್ಯದ ಔಷಧಿ ಆಗುವುದಿಲ್ಲ. ಆ ಹೆಸರಿನಲ್ಲಿ ಯಾರಿಗೂ ಮಾರಬೇಡಿ.

ಕಾನೂನು: ವೈನರಿ ಲೈಸೆನ್ಸ್ ಇಲ್ಲದೆ ವೈನ್ ಮಾಡಿ ಮಾರುವುದು ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ತೋಟದಲ್ಲೇ ವೈನರಿ ಕಟ್ಟುವ ಯೋಚನೆ ಈಗ ಬೇಡ. ಬೇಸ್ ವೈನ್ 14–16 ಡಿಗ್ರಿಯಲ್ಲಿ ಹುದುಗಬೇಕು, ಕರೆಂಟ್ ಹೋದರೂ ಟ್ಯಾಂಕ್ ತಣ್ಣಗಿರಬೇಕು. ಅದು ಕೋಟಿಗಳ ಮಾತು. ಮೊದಲು ಹಣ್ಣು ಬೆಳೆದು ಲೈಸೆನ್ಸ್ ಇರುವ ವೈನರಿಯೊಂದಿಗೆ ಬರವಣಿಗೆಯ ಒಪ್ಪಂದ ಮಾಡಿಕೊಳ್ಳಿ. ಅದರಲ್ಲಿ ದರವನ್ನು ಬ್ರಿಕ್ಸ್ ಮೇಲೆ ಮಾತ್ರ ಕಟ್ಟಬೇಡಿ ಎಂದು ಹಟ ಹಿಡಿಯಿರಿ, ಹುಳಿಯ ಅಳತೆಯೂ ಇರಲಿ. ಇಲ್ಲದಿದ್ದರೆ ಬೇಗ ಕೊಯ್ದ ನಿಮಗೇ ನಷ್ಟ. ತಳಿ, ಬೇರುಕಾಂಡದ ಸಲಹೆಗೆ ಪುಣೆ ಹತ್ತಿರ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಇದೆ. ನಿಮಗೆ ಹತ್ತಿರವಾದದ್ದು ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯ.

ಉಳಿದ ವೈನ್ ಚೆಲ್ಲಿದ್ದೀರೋ ಇಟ್ಟಿದ್ದೀರೋ ಗೊತ್ತಿಲ್ಲ. ಮುಂದಿನ ಬಾಟಲಿ ಬಂದರೆ 6ರಿಂದ 8 ಡಿಗ್ರಿಗೆ ತಣ್ಣಗೆ ಮಾಡಿ. ಬಿಸಿಯಾಗಿದ್ದರೆ ನೊರೆಯೆಲ್ಲಾ ಉಕ್ಕಿ ಚೆಲ್ಲುತ್ತದೆ. ತಂತಿ ಬಿಚ್ಚುವಾಗ ಹೆಬ್ಬೆರಳು ಬಿರಡೆಯ ಮೇಲೇ ಇರಲಿ, ಮೇಲೊಂದು ಟವೆಲ್ ಹಾಕಿ, ಬಿರಡೆ ಹಿಡಿದುಕೊಂಡು ಬಾಟಲಿಯನ್ನು ತಿರುಗಿಸಿ. ‘ಪುಸ್’ ಎಂದರೆ ಸಾಕು, ‘ಢಂ’ ಅನ್ನಬಾರದು. ಜೊತೆಗೆ ಉಪ್ಪು ಹಚ್ಚಿ ಹುರಿದ ಶೇಂಗಾ ಇಡಿ. ಮಿರ್ಚಿ ಬೇಡ. ಗುಳ್ಳೆ ಖಾರವನ್ನು ಇನ್ನೂ ಏರಿಸುತ್ತದೆ.

ಶೆನಿನ್ ಹಚ್ಚುವ ಮೊದಲು ಈ ಜನವರಿಯಲ್ಲಿ ಥಾಮ್ಸನ್ ಮೇಲೇ ಒಂದು ಕೆಲಸ ಮಾಡಿ. ಮೊದಲ ವಾರದಿಂದ ನಾಲ್ಕು ದಿನಕ್ಕೊಮ್ಮೆ ಬೆಳಿಗ್ಗೆ ಆರಕ್ಕೆ ಸಾಲಿನ ಎರಡೂ ಬದಿಯಿಂದ, ಗೊನೆಯ ಮೇಲೆ, ನಡುವೆ, ಕೆಳಗೆ ಹೀಗೆ ನೂರು ಮಣಿ ಕಿತ್ತು ಬಟ್ಟೆಯಲ್ಲಿ ಹಿಂಡಿ. ಬ್ರಿಕ್ಸ್ ಬರೆದುಕೊಳ್ಳಿ. ಹುಳಿಯ ಮಟ್ಟ ತೋರಿಸುವ ಪಿ.ಎಚ್. ಮೀಟರ್ ಒಂದು ತರಿಸಿ ಅದನ್ನೂ ಬರೆಯಿರಿ. ನಮಗೆ ಬೇಕಾದದ್ದು 3.0ರಿಂದ 3.2ರ ನಡುವೆ. ಉಳಿದ ರಸವನ್ನು ತಂದೆಯವರಿಗೆ ಕುಡಿಯಲು ಕೊಡಿ, ಅವರು ಏನು ಹೇಳುತ್ತಾರೋ ಅದನ್ನು ಅವರದೇ ಮಾತಿನಲ್ಲಿ ಮೂರನೇ ಕಾಲಂನಲ್ಲಿ ಬರೆಯಿರಿ. ‘ಹುಳಿ ಐತಿ’ ಎನ್ನುವುದು ಯಾವ ತಾರೀಖಿಗೆ ‘ಈಗ ಚಲೋ ಆತು’ ಎಂದು ಬದಲಾಗುತ್ತದೋ, ನಮ್ಮ ಕೊಯ್ಲು ಅದಕ್ಕೆ ಒಂದು ವಾರ ಮೊದಲು. ಫೆಬ್ರವರಿ ಕೊನೆಗೆ ಆ ಪಟ್ಟಿ ನನಗೆ ಕಳಿಸಿ.